ಮಣಿಪಾಲದ ಆಸ್ಪತ್ರೆಯೂ ಕುಂದಾಪುರ ಸೀಮೆಯ ರೋಗಿಯೂ

ಬೈಂದೂರಿನಿಂದ ಮಣಿಪಾಲಕ್ಕೆ ಸುಮಾರು 70 ಕಿಲೋಮೀಟರುಗಳ ಹಾದಿ. ಶಿರೂರಿನವರಿಗೆ ಇನ್ನೂ ಹೆಚ್ಚು. ಕೊಲ್ಲೂರು, ಹೊಸಂಗಡಿ, ಅಮಾಸೆಬೈಲಿನ ಕಾಡಂಚಿನ ಮನೆಗಳವರಿಗಾದರೋ ದೊಡ್ಡ ರಸ್ತೆಯನ್ನು ಮುಟ್ಟುವುದೇ ಒಂದು ಪ್ರಯಾಣ. ಆದರೂ ಈ ಸೀಮೆಯಲ್ಲಿ ಯಾರಿಗಾದರೂ ಎದೆ ಹಿಡಿಯಿತೆಂದರೆ, ಹೆರಿಗೆಯು ಕಷ್ಟವಾಯಿತೆಂದರೆ, ಮರದಿಂದ ಬಿದ್ದು ತಲೆ ಒಡೆಯಿತೆಂದರೆ, ಮನೆಯವರ ಬಾಯಿಂದ ಹೊರಡುವ ಮೊದಲ ಮಾತು ಒಂದೇ: “ಮಣಿಪಾಲಕ್ಕೆ ಕೊಂಡುಹೋಗಿ.” ದಾರಿಯಲ್ಲಿ ಕುಂದಾಪುರದ ಸರಕಾರಿ ಆಸ್ಪತ್ರೆಯೂ ಬ್ರಹ್ಮಾವರದ ಆರೋಗ್ಯ ಕೇಂದ್ರವೂ ಇವೆಯೆಂಬುದನ್ನು ಆ ಹೊತ್ತಿನಲ್ಲಿ ಯಾರೂ ನೆನೆಯುವುದಿಲ್ಲ. ಜನರ ಈ ನಡತೆಯನ್ನು ನಾವು ದೂರಲಾರೆವು. ಆದರೆ ಇದರ ಕಾರಣವೇನು, ಇದಕ್ಕೆ ತೆರುವ ಬೆಲೆಯೇನು ಎಂಬುದನ್ನು ವಿಚಾರಿಸುವುದು ಅಗತ್ಯವಾಗಿದೆ.

ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯ ಯೋಗ್ಯತೆಯ ವಿಷಯದಲ್ಲಿ ಎರಡು ಮಾತಿಲ್ಲ. 1961ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಇಂದು 2,000ಕ್ಕೂ ಮೇಲ್ಪಟ್ಟು ಹಾಸಿಗೆಗಳಿವೆ. ಕರಾವಳಿಯಿಂದ ಮಾತ್ರವಲ್ಲ, ಘಟ್ಟದ ಮೇಲಿನಿಂದಲೂ ರೋಗಿಗಳು ಅಲ್ಲಿಗೆ ಇಳಿದು ಬರುತ್ತಾರೆ. 2018–19ರಲ್ಲಿ ಸಾಗರ ತಾಲೂಕಿನ ಅರಳಗೋಡಿನ ಸುತ್ತ ಮಂಗನ ಕಾಯಿಲೆ ಹಬ್ಬಿದಾಗ ಅನೇಕರನ್ನು ತಂದುದು ಮಣಿಪಾಲಕ್ಕೇ. 2018ರ ಮೇ ತಿಂಗಳಲ್ಲಿ ಕೋಳಿಕ್ಕೋಡಿನ ನಿಫಾ ರೋಗವನ್ನು ಮೊದಲು ಗುರುತಿಸಿದುದೂ ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರವೇ.

ವಿಶ್ವವಿದ್ಯಾಲಯದ ಆಸ್ಪತ್ರೆಗೂ ಇತರ ಆಸ್ಪತ್ರೆಗಳಿಗೂ ಇರುವ ಮುಖ್ಯ ಭೇದವು ಯಂತ್ರಗಳಲ್ಲಿ ಇಲ್ಲ, ಕಟ್ಟಡಗಳಲ್ಲಿಯೂ ಇಲ್ಲ. ರಾತ್ರಿಯ ಎರಡು ಗಂಟೆಗೆ ಅಲ್ಲಿ ಯಾರು ಎಚ್ಚರವಾಗಿರುತ್ತಾರೆ ಎಂಬುದರಲ್ಲಿ ಇದೆ. ಕಲಿಸುವ ಆಸ್ಪತ್ರೆಯಲ್ಲಿ ಪ್ರಾಧ್ಯಾಪಕರ ಕೆಳಗೆ ಸಹಾಯಕರು, ಅವರ ಕೆಳಗೆ ಸ್ನಾತಕೋತ್ತರ ವಿದ್ಯಾರ್ಥಿಗಳು, ಅವರ ಕೆಳಗೆ ಹೊಸದಾಗಿ ಪರೀಕ್ಷೆ ಗೆದ್ದ ಎಳೆಯ ವೈದ್ಯರು, ಹೀಗೆ ಪಂಕ್ತಿಯೇ ಇರುತ್ತದೆ. ಹಿರಿಯರು ಮನೆಯಲ್ಲಿ ನಿದ್ರಿಸುತ್ತಿದ್ದರೂ ವಾರ್ಡಿನಲ್ಲಿ ಒಬ್ಬರಲ್ಲ ಒಬ್ಬರು ನಿಂತಿರುತ್ತಾರೆ. ತಾಲೂಕಿನ ಆಸ್ಪತ್ರೆಯಲ್ಲಿಯಾದರೆ ಪ್ರಸೂತಿತಜ್ಞರು ಒಬ್ಬರು, ಅರಿವಳಿಕೆಯ ವೈದ್ಯರು ಇದ್ದರೆ ಒಬ್ಬರು. ಆ ಒಬ್ಬರು ರಜೆ ಹೋದ ದಿನ ಶಸ್ತ್ರಕ್ರಿಯೆಯ ಕೋಣೆಗೆ ಬೀಗ. ಇದು ನಮ್ಮ ಸೀಮೆಯೊಂದರ ಮಾತಲ್ಲ. ಗ್ರಾಮಾಂತರದ ಸಮುದಾಯ ಆರೋಗ್ಯ ಕೇಂದ್ರಗಳಲ್ಲಿ ಇರಬೇಕಾದ ತಜ್ಞರಲ್ಲಿ ನೂರಕ್ಕೆ ಸುಮಾರು 80ರಷ್ಟು ಕೊರತೆಯಿದೆಯೆಂದು ಕೇಂದ್ರ ಸರಕಾರದ 2021–22ರ ವರದಿಯೇ ಒಪ್ಪಿಕೊಂಡಿದೆ.

ಹೀಗಿರಲು, ರೋಗಿಯನ್ನು ನೇರವಾಗಿ ಮಣಿಪಾಲಕ್ಕೆ ಒಯ್ದರಾಯಿತಲ್ಲ ಎನ್ನುವವರಿಗೆ ನಾವು ಹೇಳತಕ್ಕದ್ದಿಷ್ಟೆ: ಕೆಲವು ರೋಗಗಳು 70 ಕಿಲೋಮೀಟರು ಕಾಯುವುದಿಲ್ಲ. ಹೆರಿಗೆಯ ತರುವಾಯದ ರಕ್ತಸ್ರಾವವನ್ನು ತಡೆಯದಿದ್ದರೆ ಎರಡು ಗಂಟೆಗಳೊಳಗೆ ತಾಯಿಯ ಪ್ರಾಣ ಹೋಗಬಹುದು. ಪಕ್ಷವಾತ ಬಡಿದವನಿಗೆ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಅದಕ್ಕೂ ಮುಂಚೆ ತಲೆಯನ್ನು ಸಿ.ಟಿ. ಯಂತ್ರದಲ್ಲಿ ನೋಡಬೇಕು. ಹಾವಿನ ವಿಷಕ್ಕೆ ಪ್ರತಿವಿಷವು ಎಷ್ಟು ಬೇಗ ಬಿದ್ದರೆ ಅಷ್ಟು ಒಳ್ಳೆಯದು. ಮಳೆಗಾಲದಲ್ಲಿ ಗದ್ದೆಯ ಕೆಸರಿನಲ್ಲಿ ನಿಲ್ಲುವವರನ್ನು ಹಿಡಿಯುವ ಇಲಿಜ್ವರಕ್ಕೂ ಮೊದಲ ದಿನಗಳ ಅಗ್ಗದ ಔಷಧವೇ ಸಾಕು. ಮೂತ್ರಪಿಂಡ ಕೆಟ್ಟ ಮೇಲೆ ಲಕ್ಷಗಟ್ಟಲೆ ಸುರಿಯಬೇಕಾಗುತ್ತದೆ. 2008ರಿಂದ ಓಡುತ್ತಿರುವ 108 ವಾಹನಗಳು ದೊಡ್ಡ ಉಪಕಾರವನ್ನು ಮಾಡಿವೆ, ನಿಜ. ಆದರೆ ವಾಹನವು ಆಸ್ಪತ್ರೆಯಲ್ಲ. ಕುಂದಾಪುರದ ಶಾಸ್ತ್ರಿ ವೃತ್ತದ ಮೇಲ್ಸೇತುವೆಯು ವರ್ಷಗಟ್ಟಲೆ ಅರ್ಧಕ್ಕೆ ನಿಂತಿದ್ದುದನ್ನು ಕಂಡ ನಮ್ಮ ವಾಚಕರು, ರಸ್ತೆಯೊಂದನ್ನೇ ನಂಬಿ ಬದುಕಿರೆಂದರೆ ನಗದೆ ಇರಲಾರರು.

ಖರ್ಚಿನ ಮಾತು ಬೇರೆ. 2018ರಲ್ಲಿ ಬಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯು ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳ ವರೆಗಿನ ಚಿಕಿತ್ಸೆಯನ್ನು ವಹಿಸಿಕೊಂಡಿತು. ಆದರೆ ತುರ್ತು ಪ್ರಸಂಗಗಳನ್ನು ಬಿಟ್ಟರೆ, ಸರಕಾರಿ ಆಸ್ಪತ್ರೆಯ ಶಿಫಾರಸು ಚೀಟಿಯಿಲ್ಲದೆ ಖಾಸಗಿ ಆಸ್ಪತ್ರೆಯಲ್ಲಿ ಇದರ ಪ್ರಯೋಜನ ಸಿಕ್ಕದೆಂಬುದು ನಿಯಮ. ಗಂಗೊಳ್ಳಿಯ ಮೀನುಗಾರನಿಗೆ ಈ ಚೀಟಿಯ ವಿಚಾರವು ತಿಳಿಯುವುದು ಅನೇಕ ವೇಳೆ ಮಣಿಪಾಲದ ಲೆಕ್ಕದ ಕಿಟಕಿಯ ಮುಂದೆ. ಚೀಟಿಯು ಕೈಯಲ್ಲಿದ್ದರೂ ಜತೆಗೆ ಹೋದವರ ಊಟ, ವಸತಿ, ಕಳಕೊಂಡ ಕೂಲಿ, ಇವಕ್ಕೆ ಯಾವ ಯೋಜನೆಯೂ ಇಲ್ಲ.

ಇಲ್ಲಿ ಹಳೆಯ ಸಂಗತಿಯೊಂದನ್ನು ವಾಚಕರ ನೆನಪಿಗೆ ತರಬೇಕಾಗಿದೆ. 1953ರಲ್ಲಿ, ದಕ್ಷಿಣ ಕನ್ನಡವು ಇನ್ನೂ ಮದ್ರಾಸು ರಾಜ್ಯದಲ್ಲಿದ್ದಾಗ, ಡಾ. ಟಿ. ಎಂ. ಎ. ಪೈಗಳು ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದರು. ಕಾಲೇಜಿತ್ತು, ವಿದ್ಯಾರ್ಥಿಗಳಿದ್ದರು, ದೊಡ್ಡ ಆಸ್ಪತ್ರೆಯಿರಲಿಲ್ಲ. ಹೆಣದ ಮೇಲೆ ಶರೀರಶಾಸ್ತ್ರವನ್ನು ಕಲಿಯಬಹುದು, ವೈದ್ಯವನ್ನು ಕಲಿಯಲು ಜೀವಂತ ರೋಗಿಯೇ ಬೇಕು. ಆ ರೋಗಿಗಳು ದೊರೆತುದು ಮಂಗಳೂರಿನ ಸರಕಾರಿ ವೆನ್‌ಲಾಕ್ ಮತ್ತು ಲೇಡಿ ಗೋಷನ್ ಆಸ್ಪತ್ರೆಗಳಲ್ಲಿ. ಸರಕಾರವು ಹಾಸಿಗೆಗಳನ್ನು ಕೊಟ್ಟಿತು, ಕಾಲೇಜು ಅಧ್ಯಾಪಕರನ್ನು ಕಳುಹಿಸಿತು. ವಿದ್ಯಾರ್ಥಿಗಳು ಕಲಿತರು, ಬಡವರಿಗೂ ತಜ್ಞರ ಕೈಗುಣ ದೊರೆಯಿತು. ಮಂಗಳೂರಿನಲ್ಲಿ ಆ ಏರ್ಪಾಡು ಮುಂದುವರಿದೇ ಬಂದಿದೆ. ಹಾಗಾದರೆ ಮಣಿಪಾಲಕ್ಕೂ ಕುಂದಾಪುರಕ್ಕೂ ನಡುವೆ ಇದೇ ಬಗೆಯ ನಂಟು ಏಕಾಗಬಾರದು?

ನಿಯಮವು ಅಡ್ಡಬರುವುದಿಲ್ಲ, ಬದಲಾಗಿ ಸಹಾಯಕವಾಗಿದೆ. 2020ರಲ್ಲಿ ಹೊರಡಿಸಿದ ಜಿಲ್ಲಾ ರೆಸಿಡೆನ್ಸಿ ನಿಯಮದಂತೆ ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಯು ಮೂರು ತಿಂಗಳು ಸರಕಾರಿ ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲಿ ದುಡಿಯಲೇಬೇಕು. ಐವತ್ತಕ್ಕೆ ಕಡಿಮೆಯಿಲ್ಲದ ಹಾಸಿಗೆಗಳ ಸರಕಾರಿ ಆಸ್ಪತ್ರೆಯೂ ಈ ಲೆಕ್ಕಕ್ಕೆ ಸೇರಬಹುದು. ತಾಲೂಕು ಆಸ್ಪತ್ರೆಗೆ ಸರಕಾರದ ಅಳತೆಯೇ ನೂರು ಹಾಸಿಗೆ. ಆದುದರಿಂದ ಪ್ರಸೂತಿ, ಅರಿವಳಿಕೆ, ಮಕ್ಕಳ ರೋಗ, ಸಾಮಾನ್ಯ ವೈದ್ಯ, ಈ ನಾಲ್ಕು ವಿಭಾಗಗಳ ವಿದ್ಯಾರ್ಥಿಗಳನ್ನು ಸರದಿಯ ಮೇಲೆ ಕುಂದಾಪುರದಲ್ಲಿ ಇರಿಸಿದರೆ ಅಲ್ಲಿಯ ರಾತ್ರಿಯ ಕತ್ತಲೆ ಅಷ್ಟರ ಮಟ್ಟಿಗೆ ಹರಿಯುವುದು. ಕಲಿಯುವವರು ಬಂದಲ್ಲಿಗೆ ಕಲಿಸುವವರೂ ವಾರಕ್ಕೊಮ್ಮೆಯಾದರೂ ಬರಲೇಬೇಕಾಗುತ್ತದೆ. ಕಲಿಕೆಯಲ್ಲಿ ಇರುವವರನ್ನು ನಮ್ಮ ಮೇಲೆ ಪ್ರಯೋಗಕ್ಕೆ ಬಿಡುವಿರಾ ಎಂದು ಕೆಲವರು ಕೇಳಿಯಾರು. ಅವರು ಮಣಿಪಾಲಕ್ಕೆ ಹೋದಾಗ ರಾತ್ರಿಯಲ್ಲಿ ನಾಡಿ ಹಿಡಿಯುವವರೂ ಇವರೇ ಎಂಬುದನ್ನು ಅರಿಯಬೇಕು.

ಬೈಂದೂರು, ಬ್ರಹ್ಮಾವರಗಳ ವಿಷಯದಲ್ಲಿ ಸರಕಾರವನ್ನು ಕೇಳತಕ್ಕ ಪ್ರಶ್ನೆಯೇ ಬೇರೆ. 2018ರಲ್ಲಿ ಇವೆರಡೂ ತಾಲೂಕು ಕೇಂದ್ರಗಳಾದಾಗ ಅಲ್ಲಿ ಇದ್ದುದು ಸಮುದಾಯ ಆರೋಗ್ಯ ಕೇಂದ್ರಗಳು. ಅಂಥ ಕೇಂದ್ರಕ್ಕೆ ಸರಕಾರದ ಅಳತೆ 30 ಹಾಸಿಗೆ. ತಹಶೀಲ್ದಾರರ ಫಲಕವನ್ನು ತೂಗಹಾಕುವುದು ಒಂದು ದಿನದ ಕೆಲಸ, ಆಸ್ಪತ್ರೆಯನ್ನು ನಿಲ್ಲಿಸುವುದು ಹಾಗಲ್ಲ. ಬ್ರಹ್ಮಾವರದಿಂದ ಮಣಿಪಾಲಕ್ಕೆ 20 ಕಿಲೋಮೀಟರಿನೊಳಗಿನ ದಾರಿಯಾದುದರಿಂದ ಅಲ್ಲಿಯವರಿಗೆ ಈ ಚಿಂತೆ ಅಷ್ಟಾಗಿ ತಟ್ಟದಿರಬಹುದು. ಬೈಂದೂರಿಗೆ ಆ ಭಾಗ್ಯವಿಲ್ಲ. ಹಣವು ಒಂದೇ ಕಡೆಗೆ ಸಾಲುವುದಾದರೆ ಮೊದಲು ಬೈಂದೂರಿಗೆ ಕೊಡಬೇಕೆಂದು ನಾವು ಸಂಕೋಚವಿಲ್ಲದೆ ಹೇಳುತ್ತೇವೆ.

ಇನ್ನು ಸರಕಾರಿ ವೈದ್ಯಕೀಯ ಕಾಲೇಜಿನ ಬೇಡಿಕೆ. ಶಿವಮೊಗ್ಗಕ್ಕೆ ಬಂದಿತು, 2016ರಲ್ಲಿ ಕಾರವಾರಕ್ಕೂ ಬಂದಿತು. 1997ರಲ್ಲಿ ಹುಟ್ಟಿದ ಉಡುಪಿ ಜಿಲ್ಲೆಗೆ ಕಾಲು ಶತಮಾನ ಕಳೆದರೂ ಬರಲಿಲ್ಲ. ಮಣಿಪಾಲವಿದೆಯಲ್ಲ ಎಂಬ ಮಾತೇ ಇದಕ್ಕೆ ಕಾರಣವಾದಂತಿದೆ. ಬೇಡಿಕೆಯು ನ್ಯಾಯವಾದುದು, ನಾವೂ ಅದರ ಪಕ್ಷದವರೇ. ಆದರೆ 2023ರ ನಿಯಮದಂತೆ ನೂರು ವಿದ್ಯಾರ್ಥಿಗಳ ಕಾಲೇಜಿಗೆ 420 ಹಾಸಿಗೆಗಳ ಆಸ್ಪತ್ರೆ ಬೇಕು, ಅಧ್ಯಾಪಕರ ದಂಡೇ ಬೇಕು. ಅದು ಇಂದು ಮಂಜೂರಾದರೂ ಮೊದಲ ತಂಡವು ಹೊರಬರಲು ಹಲವು ವರ್ಷ ಹಿಡಿಯುವುದು. ಅಷ್ಟು ದಿನ ಕುಂದಾಪುರದ ರಾತ್ರಿಗಳಿಗೆ ಯಾರು ಹೊಣೆ?

ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ತರುವ ಕಾರ್ಯಕ್ಕೆ ಹೊಸ ಕಾನೂನು ಬೇಡ, ಕೋಟಿಗಟ್ಟಲೆ ಹಣವೂ ಬೇಡ. ಜಿಲ್ಲಾ ಆರೋಗ್ಯಾಧಿಕಾರಿಗಳೂ ವಿಶ್ವವಿದ್ಯಾಲಯದವರೂ ಒಂದು ಮೇಜಿನ ಸುತ್ತ ಕುಳಿತು ಒಡಂಬಡಿಕೆಯೊಂದನ್ನು ಬರೆಯಬೇಕು. ಬರುವ ವೈದ್ಯರಿಗೆ ಆಸ್ಪತ್ರೆಯ ಆವರಣದಲ್ಲಿಯೇ ಮಲಗಲು ಎಂಟು ಹತ್ತು ಕೋಣೆಗಳು ಬೇಕು. ಆ ಕೋಣೆಗಳಿಗೆ ಜಾಗವೆಲ್ಲಿ, ಹಣವೆಲ್ಲಿಯದು ಎಂಬುದನ್ನು ಕುಂದಾಪುರ, ಬೈಂದೂರಿನ ಶಾಸಕರು ಬರುವ ಮಳೆಗಾಲಕ್ಕೆ ಮುಂಚಿತವಾಗಿ ಜನರ ಮುಂದೆ ಹೇಳುವರೆಂದು ನಿರೀಕ್ಷಿಸುತ್ತೇವೆ.