ಹಳ್ಳ ಶುಚಿಯಾಯಿತು, ಕಾಯುವವರಾರು?

2019ರಲ್ಲಿ ಕೊಪ್ಪಳ ಗವಿಮಠದ ಶ್ರೀ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಜನರು ಹಿರೇಹಳ್ಳವನ್ನು ಶುಚಿಗೊಳಿಸಿದರು. ಆ ಕಾಯಕ ಸ್ತುತ್ಯರ್ಹ. ಆದರೆ ಹೂಳು ಪ್ರತಿ ಮಳೆಗಾಲದಲ್ಲೂ ಮರಳುತ್ತದೆ. ಉತ್ಸಾಹ ಹಾಗೆ ಮರಳದು.

ಆದುದರಿಂದ ಬಡಾವಣೆಯ ಸಮಿತಿ ಹಾಗೂ ನಗರಾಡಳಿತದ ಹೊಣೆಗಳನ್ನು ಬರಹದಲ್ಲಿಯೇ ಹಂಚಿಕೊಳ್ಳಬೇಕು. ಸಂವಿಧಾನದ 74ನೆಯ ತಿದ್ದುಪಡಿಯು (1992) ವಾರ್ಡ್ ಸಮಿತಿಯನ್ನು ಕಡ್ಡಾಯಗೊಳಿಸಿದ್ದು 3 ಲಕ್ಷ ಇಲ್ಲವೆ ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ ಮಾತ್ರ. 2011ರ ಜನಗಣತಿಯಂತೆ ನಮ್ಮ ಜಿಲ್ಲೆಯ ಯಾವ ಊರೂ ಆ ಮಿತಿಯನ್ನು ಮುಟ್ಟದು. ಸಂವಿಧಾನದ ಕಟ್ಟಳೆ ಇಲ್ಲದಿದ್ದರೂ ಕೊಪ್ಪಳ, ಗಂಗಾವತಿಯ ನಗರಸಭೆಗಳು, ಕುಷ್ಟಗಿಯ ಪುರಸಭೆ, ಯಲಬುರ್ಗಾದ ಪಟ್ಟಣ ಪಂಚಾಯಿತಿ ನಿವಾಸಿಗಳನ್ನು ಕರೆದು ಕೂರಿಸಿಕೊಳ್ಳಬೇಕು. ಕರೆಯದಿದ್ದರೆ ನಾವು ಕೇಳಬೇಕು.

ಚರಂಡಿ ನೀರಿನ ಶುದ್ಧೀಕರಣ, ಕಸ ಸಾಗಣೆ, ಒತ್ತುವರಿ ತಡೆ ಆಡಳಿತದ ಹೊಣೆ. ತೆರಿಗೆಯ ಹಣವೂ ಅಧಿಕಾರವೂ ಅದರ ಕೈಯಲ್ಲಿವೆ. ಹಸಿ ಕಸ, ಒಣ ಕಸ ಬೇರ್ಪಡಿಸುವುದು, ಸಸಿ ಕಾಯುವುದು, ಖರ್ಚಿನ ಲೆಕ್ಕ ಕೇಳುವುದು ಸಮಿತಿಯ ಹೊಣೆ. ಇಳಿಜಾರಿನ ಒಡ್ಡು, ಹುಲ್ಲು ಉಳಿಸುವುದು ಗುಡ್ಡದ ಊರವರಾದ ನಮ್ಮ ಪಾಲು. ಮಣ್ಣು ಮೇಲೆ ನಿಂತಷ್ಟೂ ಕೆಳಗೆ ಹೂಳು ಕಡಿಮೆ.

ಆಡಳಿತದ ಲೋಪವನ್ನು ಶ್ರಮದಾನದಿಂದ ಮುಚ್ಚುತ್ತಲೇ ಹೋದರೆ ಲೋಪವೇ ರೂಢಿಯಾದೀತು. ಮುಂದಿನ ಮಳೆಗೆ ಮುನ್ನ ಹೊಣೆಗಳ ಪಟ್ಟಿ ಪ್ರತಿ ವಾರ್ಡಿನ ಗೋಡೆಯ ಮೇಲಿರಲಿ.