ಸಿಕ್ಕಿದ ಫೆರೆಟ್ ಯಾರದು?

ಇಂಗ್ಲೆಂಡಿನ ಯಾವುದೋ ಊರಿನ ಹಿತ್ತಲಿಗೆ ಉದ್ದ ಮೈಯ, ಗಿಡ್ಡ ಕಾಲಿನ ಪ್ರಾಣಿಯೊಂದು ಬಂದು, ಮನುಷ್ಯರನ್ನು ಕಂಡು ಓಡುವ ಬದಲು ಅವರ ಬೂಟನ್ನೇ ಮೂಸತೊಡಗಿದರೆ ಅದು ಹೆಚ್ಚೂಕಡಿಮೆ ಫೆರೆಟ್ಟೇ. ನಮ್ಮವರು ನೋಡಿದರೆ ಮುಂಗುಸಿ ಎಂದಾರು. ವಂಶ ಹಿಡಿದು ಹೋದರೆ ಅದು ತುಂಗಭದ್ರೆಯ ನೀರುನಾಯಿಗೆ ಹತ್ತಿರ. ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಪಳಗಿಸಿದ್ದರಿಂದ ಹುಟ್ಟಿದ ತಳಿ ಇದು. ಮೊಲದ ಬಿಲಕ್ಕೆ ಇದನ್ನು ನುಗ್ಗಿಸಿ ಬೇಟೆಯಾಡುವ ಕ್ರಮವನ್ನು ರೋಮನ್ ಲೇಖಕ ಪ್ಲಿನಿಯೇ ದಾಖಲಿಸಿದ್ದಾನೆ. ಇಷ್ಟು ಕಾಲ ಮನುಷ್ಯರ ಕೈತುತ್ತು ತಿಂದ ಪ್ರಾಣಿ ದಾರಿ ತಪ್ಪಿದಾಗ ಮತ್ತೆ ಮನುಷ್ಯರ ಬಾಗಿಲಿಗೇ ಬರುತ್ತದೆ. ಎತ್ತಿಕೊಂಡವರು ಕೇಳಿಕೊಳ್ಳಬೇಕಾದ್ದು ಇಷ್ಟು: ಇದು ಕಳೆದುಕೊಂಡವರದೋ, ಸಿಕ್ಕವರದೋ?

ಕಳೆದುಕೊಂಡವರದೇ ಎಂದು ಬಾಯಲ್ಲಿ ಹೇಳುವವರೂ ಒಳಗೊಳಗೇ ಒಂದು ತೀರ್ಪು ಬರೆದಿಟ್ಟಿರುತ್ತಾರೆ. ಸರಿಯಾಗಿ ನೋಡಿಕೊಂಡಿದ್ದರೆ ಯಾಕೆ ತಪ್ಪಿಸಿಕೊಳ್ಳುತ್ತಿತ್ತು? ಫೆರೆಟ್ಟಿನ ವಿಷಯದಲ್ಲಿ ಈ ವಾದ ನಿಲ್ಲುವುದಿಲ್ಲ. ತಲೆ ತೂರಿದ ಸಂದಿಯಲ್ಲಿ ಅದರ ಇಡೀ ಮೈ ತೂರುತ್ತದೆ. ಗೋಡೆಯಲ್ಲಿ ಪೈಪಿಗೆಂದು ಕೊರೆದ ತೂತು ಸಾಕು. ಬಾಲ ಬೋಳಾಗಿದ್ದರೆ ನಿರ್ಲಕ್ಷ್ಯ ಎಂದುಕೊಳ್ಳುವುದೂ ಅವಸರವೇ. ಕೂದಲು ಉದುರಿಸುವ ಅಡ್ರಿನಲ್ ಗ್ರಂಥಿಯ ರೋಗ ಸಾಕು ಫೆರೆಟ್ಟುಗಳಲ್ಲಿ, ಅದರಲ್ಲೂ ಸಂತಾನಹರಣ ಮಾಡಿಸಿದವುಗಳಲ್ಲಿ, ತೀರಾ ಸಾಮಾನ್ಯ. ಹಿಂಗಾಲು ಸೋತು, ಜೊಲ್ಲು ಸುರಿಸುತ್ತ ಬಾಯಿ ಕೆರೆದುಕೊಳ್ಳುವ ಫೆರೆಟ್ ಉಪವಾಸ ಬಿದ್ದದ್ದೇ ಆಗಿರಬೇಕಿಲ್ಲ. ಮೇದೋಜೀರಕ ಗ್ರಂಥಿಯ ಗೆಡ್ಡೆಯಿಂದ ಅದರ ರಕ್ತದ ಸಕ್ಕರೆ ಕುಸಿದಿರಬಹುದು. ಹಾಗಿದ್ದರೆ ಅದು ದಿನಾ ಹೊತ್ತುಹೊತ್ತಿಗೆ ಔಷಧಿ ಕೊಡುತ್ತಿದ್ದ ಮನೆಯಿಂದಲೇ ಬಂದಿದ್ದೀತು, ಮಾಲೀಕರನ್ನು ಹುಡುಕುವುದೂ ಚಿಕಿತ್ಸೆಯ ಒಂದು ಭಾಗವೇ ಆದೀತು.

ಹಳ್ಳಿಗಾಡಿನ ಕಥೆ ಇನ್ನೊಂದು. ಅಲ್ಲಿ ಇಂದಿಗೂ ಬಿಲಗಳ ಬಾಯಿಗೆ ಬಲೆ ಬಿಗಿದು ಫೆರೆಟ್ಟನ್ನು ಒಳಗೆ ಬಿಡುವ ಬೇಟೆಗಾರರಿದ್ದಾರೆ. ಒಳಗೇ ಮೊಲವನ್ನು ಕೊಂದು, ತಿಂದು, ಅಲ್ಲೇ ಮಲಗಿಬಿಡುವುದು ಫೆರೆಟ್ಟಿನ ಹಳೇ ಚಾಳಿ. ಕತ್ತಲಾದರೆ ಬೇಟೆಗಾರ ಅದರ ಪೆಟ್ಟಿಗೆಯನ್ನು ಹುಲ್ಲು ಹಾಸಿ ಬಿಲದ ಹತ್ತಿರ ಇಟ್ಟು ಹೋಗುತ್ತಾನೆ. ಬೆಳಿಗ್ಗೆ ಬಂದು ನೋಡಿದರೆ ಎಷ್ಟೋ ಸಲ ಅದು ಪೆಟ್ಟಿಗೆಯಲ್ಲೇ ಸುರುಳಿ ಸುತ್ತಿಕೊಂಡಿರುತ್ತದೆ. ಅವನು ಬರುವ ಮೊದಲೇ ಆಚೀಚೆ ಅಲೆಯುತ್ತಿದ್ದ ಫೆರೆಟ್ಟನ್ನು ದಾರಿಹೋಕರು ಕಾರಿಗೆ ಹಾಕಿಕೊಂಡು ಊರಾಚೆ ಒಯ್ದರೆ, ಅದು ನಿಜಕ್ಕೂ ಕಳೆದುಹೋಗುವುದು ಆಗಲೇ. ಹತ್ತಿರ ಬಾರದೆ ತಪ್ಪಿಸಿಕೊಳ್ಳುವ ಕಪ್ಪುಗಂದು ಪ್ರಾಣಿ ಕಾಡಿನ ಪೋಲ್‌ಕ್ಯಾಟೇ ಆಗಿರಲೂಬಹುದು. ಅದಕ್ಕೆ 1981ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದೆ. ಪರವಾನಗಿ ಇಲ್ಲದೆ ಬೋನು ಇಟ್ಟು ಹಿಡಿಯುವಂತಿಲ್ಲ.

ಇಂಗ್ಲೆಂಡಿನ ಕಾನೂನು ಈ ಗೊಂದಲವನ್ನು ಭಾವುಕತೆ ಇಲ್ಲದೆ ಬಿಡಿಸುತ್ತದೆ. 1968ರ ಕಳವು ಕಾಯ್ದೆಯ ಪ್ರಕಾರ, ಸಮಂಜಸ ಪ್ರಯತ್ನ ಮಾಡಿದರೂ ಮಾಲೀಕರು ಸಿಗಲಾರರು ಎಂದು ಪ್ರಾಮಾಣಿಕವಾಗಿ ನಂಬಿದವರು ಸಿಕ್ಕಿದ್ದನ್ನು ಇಟ್ಟುಕೊಂಡರೆ ಅದು ಅಪ್ರಾಮಾಣಿಕತೆಯಲ್ಲ. ಯಾರ ಪ್ರೀತಿ ದೊಡ್ಡದು ಎಂಬ ಲೆಕ್ಕವೇ ಅಲ್ಲಿಲ್ಲ. ಇತ್ತ 2006ರ ಪ್ರಾಣಿ ಕಲ್ಯಾಣ ಕಾಯ್ದೆ ತಾತ್ಕಾಲಿಕವಾಗಿ ಇಟ್ಟುಕೊಂಡವರನ್ನೂ ಹೊಣೆಗಾರರೆನ್ನುತ್ತದೆ. ಅಂದರೆ ಹಕ್ಕು ಬರುವ ಮೊದಲೇ ಜವಾಬ್ದಾರಿ ಬಂದಾಗಿದೆ: ಮಾಂಸದ ಆಹಾರ, ತಂಪು ಜಾಗ, ನೆಗಡಿಯಾದವರಿಂದ ದೂರ. ಕೊನೆಯದು ತಮಾಷೆಯಲ್ಲ. ಮನುಷ್ಯರ ಫ್ಲೂ ವೈರಸ್ಸನ್ನು 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮೊದಲು ಬೇರ್ಪಡಿಸಿದ್ದೇ ಫೆರೆಟ್ಟುಗಳ ನೆರವಿನಿಂದ.

ಸಮಂಜಸ ಪ್ರಯತ್ನ ಎಂದರೆ ಎಷ್ಟು? ಇಂಗ್ಲೆಂಡಿನಲ್ಲಿ ನಾಯಿಗೆ 2016ರಿಂದ, ಬೆಕ್ಕಿಗೆ 2024ರಿಂದ ಮೈಕ್ರೋಚಿಪ್ ಕಡ್ಡಾಯ, ಫೆರೆಟ್ಟಿಗೆ ಇಲ್ಲ. 2024ರ ಸಾಕುಪ್ರಾಣಿ ಅಪಹರಣ ಕಾಯ್ದೆಯೂ ನಾಯಿ ಬೆಕ್ಕುಗಳಿಗೇ ನಿಂತಿತು. ಹಾಗಾಗಿ ಹುಡುಕುವ ಭಾರವೆಲ್ಲ ಸಿಕ್ಕವರ ಮೇಲೆ. ಚಿಪ್ ಇದ್ದೀತೆಂದು ಪಶುವೈದ್ಯರಲ್ಲಿ ಓದಿಸಬೇಕು. ಅಕ್ಕಿಕಾಳಿನಷ್ಟು ದೊಡ್ಡದಾದ ಅದರಲ್ಲಿ ಬ್ಯಾಟರಿಯಿಲ್ಲ, ಪ್ರಾಣಿ ಎಲ್ಲಿದೆಯೆಂದು ಅದು ತೋರಿಸುವುದೂ ಇಲ್ಲ. ಹೇಳುವುದು 15 ಅಂಕಿಯ ಒಂದು ಸಂಖ್ಯೆ ಮಾತ್ರ. ನೋಂದಣಿ ಸಂಸ್ಥೆಗಳು ಹಲವು, ಅಲ್ಲಿರುವ ಫೋನ್ ನಂಬರು ಎಷ್ಟೋ ಸಲ ಹಳತು. ಅಮೆರಿಕದ ಫೆರೆಟ್ಟುಗಳ ಕಿವಿಯಲ್ಲಿ ಕಾಣುವ ಎರಡು ಹಚ್ಚೆಚುಕ್ಕಿಗಳು ಸಂತಾನಹರಣ ಮತ್ತು ವಾಸನೆಗ್ರಂಥಿ ತೆಗೆದದ್ದರ ಗುರುತು. ಮಾಲೀಕರ ಬಗ್ಗೆ ಅವು ತುಟಿ ಬಿಚ್ಚುವುದಿಲ್ಲ. ಚೀಟಿ ಅಂಟಿಸುವಾಗ ಹೆಣ್ಣೋ ಗಂಡೋ, ಎಲ್ಲಿ ಮಚ್ಚೆ ಎಂಬುದನ್ನು ಬರೆಯದೆ ಬಿಡುವುದು ಜಾಣತನ. ನಮ್ಮದೇ ಎಂದು ಬಂದವರಿಂದ ಅದನ್ನು ಹೇಳಿಸಬೇಕು, ಹಳೆಯ ಫೋಟೋ ಕೇಳಬೇಕು.

ಇಷ್ಟೆಲ್ಲ ಮಾಡಿದರೂ ಮಾಲೀಕರು ಮುಂದೆ ಬಾರದ ನಾಡುಗಳುಂಟು. ಕ್ಯಾಲಿಫೋರ್ನಿಯಾದಲ್ಲಿ ಫೆರೆಟ್ ಸಾಕುವುದೇ ನಿಷಿದ್ಧ. ಆದರೂ ಅಂಗಡಿಗಳಲ್ಲಿ ಅದರ ಆಹಾರ, ಪಂಜರ ರಾಜಾರೋಷವಾಗಿ ಮಾರಾಟವಾಗುತ್ತವೆ! ಕಳೆದುಕೊಂಡವರು ಚೀಟಿ ಅಂಟಿಸಿದರೆ ತಾವೇ ತಪ್ಪೊಪ್ಪಿಕೊಂಡಂತೆ. ನ್ಯೂಜಿಲೆಂಡ್ 2002ರಲ್ಲಿ ಇವುಗಳ ಮಾರಾಟ, ತಳಿವೃದ್ಧಿ ನಿಲ್ಲಿಸಿದ್ದಕ್ಕೆ ಗಟ್ಟಿ ಕಾರಣವಿದೆ: ಮೊಲ ಹತೋಟಿಗೆಂದು 19ನೇ ಶತಮಾನದಲ್ಲಿ ಬಿಟ್ಟ ಫೆರೆಟ್ಟುಗಳು ಕಾಡು ಸೇರಿ ಕಿವಿ ಹಕ್ಕಿಗಳನ್ನು ಕೊಲ್ಲುತ್ತಿವೆ. ಆದರೆ ನಿಷೇಧದ ಉದ್ದೇಶ ಹಕ್ಕಿಗಳ ರಕ್ಷಣೆಯಾದರೆ, ತಪ್ಪಿಸಿಕೊಂಡದ್ದನ್ನು ಹೆದರದೆ ವರದಿ ಮಾಡುವ ದಾರಿಯೂ ಬೇಕು. ಭಯದಿಂದ ಬಾಯಿ ಮುಚ್ಚಿಕೊಂಡ ಮಾಲೀಕರಿಂದ ಫೆರೆಟ್ಟಿಗೂ ಲಾಭವಿಲ್ಲ, ಹಕ್ಕಿಗೂ ಇಲ್ಲ.

ತಡವಾಗಿ ಬಂದು ಕೇಳುವವರ ಪ್ರಶ್ನೆ ಇದಕ್ಕಿಂತ ತೊಡಕಿನದು. 2005ರ ಕತ್ರೀನಾ ಚಂಡಮಾರುತದ ನಂತರ ನ್ಯೂ ಆರ್ಲಿಯನ್ಸಿನ ಎಷ್ಟೋ ನಾಯಿಗಳು ದೂರದ ರಾಜ್ಯಗಳ ಮನೆ ಸೇರಿದವು. ಪತ್ತೆಹಚ್ಚಿ ಬಂದ ಮಾಲೀಕರಿಗೆ ಹೊಸಬರು ಕೊಡಲೊಪ್ಪದೆ ಪ್ರಕರಣಗಳು ಕೋರ್ಟ್ ಮೆಟ್ಟಿಲೇರಿದವು. ಬಿಟ್ಟುಹೋದವರು ಎಂಬ ಆಪಾದನೆ ಹೊತ್ತ ಅನೇಕರನ್ನು ರಕ್ಷಣಾ ಬಸ್ಸುಗಳು ಸಾಕುಪ್ರಾಣಿಯೊಂದಿಗೆ ಹತ್ತಿಸಿಕೊಂಡೇ ಇರಲಿಲ್ಲ. ಅಂಥವರಿಗೆ ನಾಯಿ ಮರಳಬೇಕಿತ್ತು. ಆದರೆ 1997ರಲ್ಲಿ ವರ್ಮಾಂಟ್‌ನ ಸರ್ವೋಚ್ಚ ನ್ಯಾಯಾಲಯ ಸಿಕ್ಕವರ ಪರ ನಿಂತದ್ದೂ ತಪ್ಪಲ್ಲ. ಅಲ್ಲಿ ನಾಯಿ ಸಿಕ್ಕವರು ಚೀಟಿ ಅಂಟಿಸಿದ್ದರು, ಸ್ಥಳೀಯ ರೇಡಿಯೋದಲ್ಲಿ ಹೇಳಿಸಿದ್ದರು, ವರ್ಷಕ್ಕೂ ಮೀರಿ ಸಾಕಿದ್ದರು. ಫೆರೆಟ್ಟಿನ ಆಯುಸ್ಸು ಐದರಿಂದ ಎಂಟು ವರ್ಷ. ಒಂದು ವರ್ಷವೆಂದರೆ ಅದರ ಬಾಳಿನ ದೊಡ್ಡ ಪಾಲು. ಬ್ರಿಟನ್ನಿನಲ್ಲಿ ಸಿಕ್ಕ ನಾಯಿಯನ್ನು ಇಟ್ಟುಕೊಳ್ಳುವವರಿಗೆ ವಿಧಿಸಿದ 28 ದಿನಗಳ ಗಡುವನ್ನೇ ಫೆರೆಟ್ಟಿಗೂ ಕನಿಷ್ಠ ಅಳತೆಯಾಗಿ ಹಿಡಿಯಬಹುದು. ಆದರೆ ಆ ದಿನಗಳನ್ನು ಹುಡುಕಾಟದಲ್ಲಿ ಕಳೆದಿರಬೇಕು; ಚಿಪ್ ಓದಿಸದೆ, ನೆರೆಮನೆಯ ಬಾಗಿಲನ್ನೂ ತಟ್ಟದೆ ಎರಡು ವರ್ಷ ಸಾಕಿದವರು ವರ್ಮಾಂಟ್ ತೀರ್ಪನ್ನು ಆಸರೆಗೆ ಕರೆಯುವಂತಿಲ್ಲ.