ಬ್ಯಾಟರಿ ಡೌನ್ ಆದ ಮೇಲೆ ಟ್ರ್ಯಾಕ್ಟರ್ ಎಂಜಿನ್ ಕೈಕೊಡುವುದೇಕೆ?

ಮುಂಗಾರಿನ ಮೊದಲ ಹದ ಮಳೆ ಬಿದ್ದಿದೆ. ಎರಡು ಮೂರು ತಿಂಗಳಿಂದ ಶೆಡ್ಡಿನಲ್ಲೇ ನಿಂತಿದ್ದ ಟ್ರ್ಯಾಕ್ಟರ್‌ನ ಕೀ ತಿರುಗಿಸಿದರೆ ‘ಕಟ್’ ಎಂಬ ಸದ್ದು ಬಿಟ್ಟು ಬೇರೇನೂ ಇಲ್ಲ. ಪಕ್ಕದ ಮನೆಯವರ ಟ್ರ್ಯಾಕ್ಟರ್ ತಂದು ನಿಲ್ಲಿಸಿ, ಅದರ ಬ್ಯಾಟರಿಯಿಂದ ವೈರ್ ಕೊಟ್ಟರೆ ಸೆಲ್ಫ್ ತಿರುಗುತ್ತದೆ, ಸೈಲೆನ್ಸರ್‌ನಿಂದ ಒಂದಿಷ್ಟು ಹೊಗೆ ಬರುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಹಿಡಿದರೂ ಎರಡು ನಿಮಿಷಕ್ಕೆ ಆರಿಹೋಗುತ್ತದೆ. ಆಗ ಸುತ್ತ ನಿಂತವರಲ್ಲಿ ಒಬ್ಬರಾದರೂ ಹೇಳುತ್ತಾರೆ: ‘ಬ್ಯಾಟರಿ ಸತ್ತು ಎಂಜಿನ್ನಿಗೇ ಪೆಟ್ಟು ಕೊಟ್ಟಿದೆ.’

ಈ ಮಾತಿನಲ್ಲಿ ಎಷ್ಟು ಹುರುಳಿದೆ? ಬ್ಯಾಟರಿ ಖಾಲಿಯಾದ ಮಾತ್ರಕ್ಕೆ ಪಿಸ್ಟನ್, ನಾಜಲ್, ಡೀಸೆಲ್ ಪಂಪ್ ಯಾವುದೂ ಹಾಳಾಗುವುದಿಲ್ಲ. ಎಷ್ಟೋ ಸಲ ಕಥೆ ತಿರುಗಾಮುರುಗಾ ಇರುತ್ತದೆ. ಎಂಜಿನ್ ಹಿಡಿಯದಿರಲು ಬೇರೆಯೇ ಕಾರಣವಿತ್ತು, ಅದು ಗೊತ್ತಾಗದೆ ಸೆಲ್ಫ್ ಹೊಡೆದೂ ಹೊಡೆದೂ ಬ್ಯಾಟರಿ ಖಾಲಿಯಾಯಿತು. ಹಾಗಾಗಿ ಮೊದಲು ಬಿಡಿಸಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬ್ಯಾಟರಿ ಡೌನ್ ಆಗಿದ್ದರಿಂದ ಎಂಜಿನ್ ಹಿಡಿಯಲಿಲ್ಲವೇ, ಎಂಜಿನ್ ಹಿಡಿಯದ್ದರಿಂದ ಬ್ಯಾಟರಿ ಡೌನ್ ಆಯಿತೇ? ಇದನ್ನು ನೋಡದೆ ಹೊಸ ಬ್ಯಾಟರಿಗೆ ಸಾವಿರಾರು ರೂಪಾಯಿ ಸುರಿದರೆ, ಅದೂ ಕೆಲವೇ ದಿನದಲ್ಲಿ ಖಾಲಿಯಾಗಿ ಕೂರಬಹುದು.

ಕಿಡಿ ಇಲ್ಲದ ಎಂಜಿನ್

ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ ಹೊತ್ತಿಸಲು ಪ್ಲಗ್‌ನ ಕಿಡಿ ಬೇಕು. ಡೀಸೆಲ್ ಎಂಜಿನ್ನಿಗೆ ಅದು ಬೇಡ. ಸಿಲಿಂಡರ್ ಒಳಗಿನ ಗಾಳಿಯನ್ನು ಪಿಸ್ಟನ್ ಸುಮಾರು 16ರಿಂದ 20 ಪಟ್ಟು ಚಿಕ್ಕದಾಗುವಂತೆ ಒತ್ತಿದಾಗ ಅದರ ಉಷ್ಣತೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಸೈಕಲ್ ಪಂಪ್ ಜೋರಾಗಿ ಹೊಡೆದಾಗ ತುದಿ ಬಿಸಿಯಾಗುತ್ತದಲ್ಲ, ಅದೇ ಕೆಲಸ ಇಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ. ಆ ಕಾದ ಗಾಳಿಗೆ ನಾಜಲ್‌ನಿಂದ ಡೀಸೆಲ್ ಸಿಂಪಡಿಸಿದ ಕೂಡಲೇ ಅದು ತಾನಾಗಿ ಹೊತ್ತಿಕೊಳ್ಳುತ್ತದೆ.

ಆದರೆ ಈ ಒತ್ತುವಿಕೆ ಬೇಗ ಆಗಬೇಕು. ಬ್ಯಾಟರಿಯಲ್ಲಿ ಅರ್ಧ ಜೀವವಿದ್ದಾಗ ಸೆಲ್ಫ್ ಮೋಟಾರ್ ಎಂಜಿನ್ನನ್ನು ಏದುಸಿರು ಬಿಡುತ್ತಾ ತಿರುಗಿಸುತ್ತದೆ. ಅಷ್ಟರಲ್ಲಿ ಗಾಳಿ ರಿಂಗ್‌ಗಳ ಸಂದಿಯಿಂದ ಸೋರುತ್ತದೆ, ಇದ್ದ ಬಿಸಿಯನ್ನು ತಣ್ಣಗಿರುವ ಸಿಲಿಂಡರ್ ಹೀರಿಕೊಳ್ಳುತ್ತದೆ. ಡೀಸೆಲ್ ಒಳಗೆ ಬಿದ್ದರೂ ಹೊತ್ತುವುದಿಲ್ಲ. ‘ತಿರುಗ್ತಾ ಇದೆ, ಆದರೆ ಹಿಡೀತಾ ಇಲ್ಲ, ಬ್ಯಾಟರಿ ಸರಿಯಾಗೇ ಇದೆ’ ಎಂದು ನಾವು ಮೋಸಹೋಗುವುದು ಇಲ್ಲೇ.

ಆಗ ಸೈಲೆನ್ಸರ್ ಕಡೆ ನೋಡಿ. ಬಿಳಿ ಹೊಗೆ ಬರುತ್ತಿದ್ದರೆ ಅದು ಸಾಮಾನ್ಯವಾಗಿ ಸುಡದೆ ಆವಿಯಾಗಿ ಹೊರಬಂದ ಡೀಸೆಲ್. ಅಂದರೆ ಡೀಸೆಲ್ ಸಿಲಿಂಡರ್‌ವರೆಗೆ ತಲುಪುತ್ತಿದೆ, ಬಿಸಿ ಸಾಲುತ್ತಿಲ್ಲ. ಮೊದಲ ಅನುಮಾನ ತಿರುಗುವ ವೇಗದ ಮೇಲೆ ಇರಲಿ. ಸೆಲ್ಫ್ ಚುರುಕಾಗಿ ತಿರುಗುತ್ತಿದ್ದೂ ಹೊಗೆಯೇ ಬರದಿದ್ದರೆ ಡೀಸೆಲ್ ತಲುಪುತ್ತಲೇ ಇಲ್ಲ. ಆಗ ಎಷ್ಟು ಒಳ್ಳೆಯ ಬ್ಯಾಟರಿ ತಂದರೂ ಉಪಯೋಗವಿಲ್ಲ.

ಲೈಟ್ ಉರಿಯುತ್ತದೆ, ಸೆಲ್ಫ್ ಯಾಕೆ ಎತ್ತುತ್ತಿಲ್ಲ?

‘ಲೈಟ್ ಚೆನ್ನಾಗಿ ಉರಿಯುತ್ತಿದೆ, ಬ್ಯಾಟರಿ ಸರಿಯಿದೆ’ ಎನ್ನುವುದು ತಪ್ಪು ಲೆಕ್ಕ. 55 ವ್ಯಾಟ್‌ನ ಒಂದು ಹೆಡ್‌ಲೈಟ್ ಬಲ್ಬ್ ಎಳೆಯುವುದು ಐದು ಆಂಪಿಯರ್‌ನಷ್ಟು. ಸೆಲ್ಫ್ ಮೋಟಾರ್ ಎಳೆಯುವುದು ನೂರಾರು ಆಂಪಿಯರ್. ಒರತೆ ಕಡಿಮೆಯಾದ ಬಾವಿಯಲ್ಲಿ ಬಿಂದಿಗೆ ತುಂಬುತ್ತದೆ, ಪಂಪ್‌ಸೆಟ್ ನಡೆಯುವುದಿಲ್ಲ.

ಚಾರ್ಜ್ ಮಾಡಿ ಕೆಲವು ಗಂಟೆ ಬಿಟ್ಟ 12 ವೋಲ್ಟ್ ಬ್ಯಾಟರಿ ಮಲ್ಟಿಮೀಟರ್‌ನಲ್ಲಿ ಸುಮಾರು 12.6 ತೋರಿಸಬೇಕು. 12.2 ಎಂದರೆ ಹೆಚ್ಚುಕಡಿಮೆ ಅರ್ಧ ಖಾಲಿ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಮುಗಿದ ಹಾಗೆ. ಇದಕ್ಕಿಂತ ಮುಖ್ಯ, ಸೆಲ್ಫ್ ಹೊಡೆಯುವಾಗ ಎಷ್ಟಕ್ಕೆ ಇಳಿಯುತ್ತದೆ ಎಂಬುದು. 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಯಲ್ಲಿ ಚಾರ್ಜ್ ಇಲ್ಲ ಅಥವಾ ಒಳಗಿನ ಯಾವುದೋ ಸೆಲ್ ಹೋಗಿದೆ ಎಂದು ತಿಳಿಯಬಹುದು.

ಬ್ಯಾಟರಿ ಗಟ್ಟಿಯಿದ್ದೂ ‘ಕಟ್ ಕಟ್’ ಎನ್ನುತ್ತಿದ್ದರೆ ಟರ್ಮಿನಲ್ ನೋಡಿ. ಅಲ್ಲಿ ಕಟ್ಟುವ ಬಿಳಿ, ಹಸಿರು ಪುಡಿ ನೋಡಲು ಏನೂ ಅಲ್ಲ ಅನಿಸುತ್ತದೆ. ಆದರೆ ಅದು ಕೇವಲ 0.01 ಓಮ್ ಅಡ್ಡಿ ಮಾಡಿದರೂ, 300 ಆಂಪಿಯರ್ ಹರಿಯುವಾಗ ಅಲ್ಲೇ 3 ವೋಲ್ಟ್ ಕಳೆದುಹೋಗುತ್ತದೆ. ಹೊಸ ಬ್ಯಾಟರಿಯನ್ನೂ ಸತ್ತ ಬ್ಯಾಟರಿಯಂತೆ ಮಾಡಲು ಅಷ್ಟು ಸಾಕು. ವೈರ್ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ತೊಳೆದು, ಒರೆಸಿ, ಬಿಗಿಯಾಗಿ ಕಟ್ಟಿ ಮೇಲೆ ಗ್ರೀಸ್ ಸವರಬೇಕು. ತೊಳೆಯುವಾಗ ಬ್ಯಾಟರಿಯ ಮುಚ್ಚಳಗಳು ಬಿಗಿಯಾಗಿರಲಿ, ಸೋಡಾ ನೀರು ಒಳಗೆ ಹೋಗಬಾರದು. ಬ್ಯಾಟರಿಯಿಂದ ಚಾಸಿಗೆ ಹೋಗುವ ಅರ್ಥ್ ವೈರ್‌ನ ಇನ್ನೊಂದು ತುದಿಯನ್ನು ಮರೆಯುವವರೇ ಹೆಚ್ಚು. ತುಕ್ಕು ಅಲ್ಲೂ ಇರುತ್ತದೆ.

ಡೀಸೆಲ್ ಬರದಿದ್ದರೆ

ಹೊಗೆಯೇ ಇಲ್ಲ ಎಂದಾದರೆ ಮೊದಲು ಸ್ಟಾಪರ್ ನಾಬ್ ನೋಡಿ. ನಗಬೇಡಿ. ಕಳೆದ ಸಲ ಎಂಜಿನ್ ಆಫ್ ಮಾಡಲು ಎಳೆದ ನಾಬ್ ಹಾಗೇ ಹೊರಗಿದ್ದರೆ, ಅಥವಾ ಅದರ ಕೇಬಲ್ ತುಕ್ಕು ಹಿಡಿದು ಪೂರ್ತಿ ಒಳಗೆ ಹೋಗದಿದ್ದರೆ, ಪಂಪ್ ಡೀಸೆಲ್ ಬಿಡುವುದಿಲ್ಲ. ಕೀಯಿಂದಲೇ ಆಫ್ ಆಗುವ ಟ್ರ್ಯಾಕ್ಟರ್‌ಗಳಲ್ಲಿ ಈ ಕೆಲಸವನ್ನು ಸೊಲೆನಾಯ್ಡ್ ಮಾಡುತ್ತದೆ. ಕರೆಂಟ್ ಬಂದಾಗ ತೆರೆಯುವ ಬಗೆಯದಾದರೆ, ಬ್ಯಾಟರಿ ದುರ್ಬಲವಿದ್ದಾಗ ಅದು ತೆರೆಯದೇ ಇರಬಹುದು. ಸೆಲ್ಫ್ ಎಲ್ಲ ಕರೆಂಟನ್ನೂ ಎಳೆದುಕೊಂಡು ಸೊಲೆನಾಯ್ಡ್ ಪಾಲಿಗೆ ಏನೂ ಉಳಿದಿರುವುದಿಲ್ಲ.

ಸ್ಟಾರ್ಟ್ ಆಗಿ ಎರಡು ನಿಮಿಷಕ್ಕೆ ನಿಂತರೆ ಡೀಸೆಲ್ ಲೈನಿನಲ್ಲಿ ಗಾಳಿ ಸೇರಿರಬಹುದು. ಬಹಳ ದಿನ ನಿಂತ ಗಾಡಿಯಲ್ಲಿ ಸಣ್ಣ ವಾಷರ್, ಪೈಪ್‌ಗಳ ಬಿರುಕಿನಿಂದ ಗಾಳಿ ನುಸುಳುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವ ಹನಿಗಟ್ಟಿ ಫಿಲ್ಟರ್‌ಗೆ ನೀರು ಇಳಿಯುತ್ತದೆ. ಫಿಲ್ಟರ್ ಮೇಲಿನ ಬೋಲ್ಟ್ ಸಡಿಲಿಸಿ, ಹ್ಯಾಂಡ್ ಪಂಪ್ ಒತ್ತಿ, ಗುಳ್ಳೆ ನಿಲ್ಲುವವರೆಗೆ ಏರ್ ತೆಗೆಯುವುದು ಮೆಕ್ಯಾನಿಕ್‌ಗಳಿಗೆ ನೀರು ಕುಡಿದಷ್ಟು ಸುಲಭ. ಬ್ಯಾಟರಿಗೂ ಇದಕ್ಕೂ ಸಂಬಂಧವೇ ಇಲ್ಲ. ಎರಡೂ ಒಟ್ಟಿಗೆ ಕಾಣಿಸಿಕೊಂಡಿದ್ದು ಟ್ರ್ಯಾಕ್ಟರ್ ಎರಡು ತಿಂಗಳು ನಿಂತಿದ್ದರಿಂದ.

ಹೊಸ ದೊಡ್ಡ ಟ್ರ್ಯಾಕ್ಟರ್‌ಗಳ ಲೆಕ್ಕ ಸ್ವಲ್ಪ ಬೇರೆ. ಹಳೆಯ ಟ್ರ್ಯಾಕ್ಟರ್‌ಗಳ ಪಂಪ್ ಪೂರ್ತಿ ಯಾಂತ್ರಿಕವಾದದ್ದು. ನಮ್ಮ ಕಡೆ ಇಂದಿಗೂ ‘ಮೈಕೊ ಪಂಪ್’ ಎನ್ನುತ್ತಾರೆ, 1951ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಹೆಸರು ಅದು. ಅಂಥ ಎಂಜಿನ್ ಒಮ್ಮೆ ಹಿಡಿದರೆ ಸಾಮಾನ್ಯವಾಗಿ ಬ್ಯಾಟರಿಯ ಹಂಗಿಲ್ಲ. ಆದರೆ 50 ಎಚ್‌ಪಿಗಿಂತ ಹೆಚ್ಚಿನ ಟ್ರ್ಯಾಕ್ಟರ್‌ಗಳಿಗೆ 2023ರ ಜನವರಿಯಿಂದ ಟ್ರೆಮ್-4 ಎಂಬ ಹೊಗೆ ಮಿತಿಯ ನಿಯಮ ಬಂದ ಮೇಲೆ ಈ ವರ್ಗದಲ್ಲಿ ಕಂಪ್ಯೂಟರ್ ನಿಯಂತ್ರಿತ ಕಾಮನ್ ರೇಲ್ ಪದ್ಧತಿ ಬಂದಿದೆ. ಇಲ್ಲಿ ಯಾವ ನಾಜಲ್ ಯಾವಾಗ ತೆರೆಯಬೇಕು ಎಂದು ಹೇಳುವುದೇ ಕರೆಂಟ್. ಬ್ಯಾಟರಿ ಪೂರ್ತಿ ಸತ್ತಿದ್ದರೆ ಸರಪಳಿ ಕಟ್ಟಿ ಎಳೆದರೂ ಎಂಜಿನ್ ಹಿಡಿಯುವುದಿಲ್ಲ.

ಜೀವಕ್ಕೆ ಮುಳುವಾಗುವ ಉಪಾಯಗಳು

ಸೀಟಿನ ಮೇಲೆ ಕೂರದೆ ಕೆಳಗೇ ನಿಂತು, ಸೆಲ್ಫ್ ಮೋಟಾರ್‌ನ ಎರಡು ಬೋಲ್ಟ್‌ಗಳಿಗೆ ಸ್ಕ್ರೂಡ್ರೈವರ್ ತಾಗಿಸಿ ಸ್ಟಾರ್ಟ್ ಮಾಡುವುದನ್ನು ನೀವೂ ನೋಡಿರುತ್ತೀರಿ. ಗೇರ್‌ನಲ್ಲಿದ್ದಾಗ ಸೆಲ್ಫ್ ತಿರುಗದಂತೆ ಕ್ಲಚ್ ಅಥವಾ ನ್ಯೂಟ್ರಲ್ ಹತ್ತಿರ ಇಟ್ಟಿರುವ ಸ್ವಿಚ್ಚನ್ನೇ ಈ ಉಪಾಯ ದಾಟಿಬಿಡುತ್ತದೆ. ಟ್ರ್ಯಾಕ್ಟರ್ ಗೇರ್‌ನಲ್ಲಿದ್ದರೆ ಎಂಜಿನ್ ಹಿಡಿದ ಕ್ಷಣವೇ ಮುಂದಕ್ಕೆ ನುಗ್ಗುತ್ತದೆ. ಸೆಲ್ಫ್ ಹತ್ತಿರ ನಿಂತವರು ಇರುವುದು ದೊಡ್ಡ ಹಿಂದಿನ ಚಕ್ರದ ಮುಂದೆ. ಯಾಂತ್ರಿಕ ಪಂಪ್‌ನ ಎಂಜಿನ್ ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಕೀ ಆಫ್ ಇದ್ದರೂ ಓಡುತ್ತದೆ, ಆದ್ದರಿಂದ ‘ಕೀ ನನ್ನ ಜೇಬಿನಲ್ಲೇ ಇದೆ’ ಎಂಬ ಧೈರ್ಯವೂ ಸುಳ್ಳು. ಅಮೆರಿಕದಲ್ಲಿ ಇದನ್ನು ‘ಬೈಪಾಸ್ ಸ್ಟಾರ್ಟಿಂಗ್’ ಎಂದು ಕರೆದು, ಟ್ರ್ಯಾಕ್ಟರ್ ಮೇಲೆಯೇ ಎಚ್ಚರಿಕೆಯ ಸ್ಟಿಕ್ಕರ್ ಅಂಟಿಸುತ್ತಾರೆ. ನಮ್ಮಲ್ಲಿ ಇದು ಇನ್ನೂ ಜಾಣತನ ಅನ್ನಿಸಿಕೊಂಡಿದೆ.

ಇನ್ನೊಂದು, ಎಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಬಿಚ್ಚಿ ‘ಡೈನಮೋ ಟೆಸ್ಟ್’ ಮಾಡುವುದು. ಎಂಜಿನ್ ಓಡುತ್ತಲೇ ಇದ್ದರೆ ಆಲ್ಟರ್ನೇಟರ್ ಚೆನ್ನಾಗಿದೆ ಎಂಬುದು ನಂಬಿಕೆ. ಕಿಡಿಯೇ ಬೇಡದ ಡೀಸೆಲ್ ಎಂಜಿನ್ ಆಲ್ಟರ್ನೇಟರ್ ಸತ್ತಿದ್ದರೂ ಓಡುತ್ತದೆ, ಹಾಗಾಗಿ ಈ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಬದಲಿಗೆ ಬ್ಯಾಟರಿಯ ಆಸರೆ ತಪ್ಪಿದಾಗ ವೋಲ್ಟೇಜ್ ಒಮ್ಮೆಲೇ ಏರಿ, ಒಳಗಿನ ಡಯೋಡ್, ರೆಗ್ಯುಲೇಟರ್ ಸುಡಬಹುದು. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಮೀಟರ್ ಇಡಿ. 13.8ರಿಂದ 14.4 ವೋಲ್ಟ್ ಇದ್ದರೆ ಚಾರ್ಜಿಂಗ್ ಸರಿಯಿದೆ.

ಬೇರೆ ಬ್ಯಾಟರಿಯಿಂದ ವೈರ್ ಕೊಡುವಾಗ ಅದಲುಬದಲಾದರೂ ಇದೇ ಡಯೋಡ್‌ಗಳು ಕ್ಷಣದಲ್ಲಿ ಸುಡುತ್ತವೆ. ಎಂಜಿನ್ ಸ್ಟಾರ್ಟ್ ಆಗುತ್ತದೆ, ಆದರೆ ಚಾರ್ಜ್ ಆಗದೆ ಮತ್ತೆ ಮತ್ತೆ ಬ್ಯಾಟರಿ ಡೌನ್. ಕೆಂಪು ವೈರ್ ಎರಡೂ ಬ್ಯಾಟರಿಗಳ ಪ್ಲಸ್‌ಗೆ, ಕಪ್ಪು ವೈರ್‌ನ ಒಂದು ತುದಿ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ. ಇನ್ನೊಂದು ತುದಿ ಸತ್ತ ಬ್ಯಾಟರಿಗೆ ಬೇಡ, ಅದರಿಂದ ದೂರದಲ್ಲಿ ಎಂಜಿನ್ನಿನ ಬಣ್ಣವಿಲ್ಲದ ಕಬ್ಬಿಣಕ್ಕೆ ಕೊಡಿ. ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುತ್ತದೆ. ಗಾಳಿಯಲ್ಲಿ ಅದು ಶೇ 4ರಷ್ಟಿದ್ದರೂ ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ, ಸಿಡಿದಾಗ ಮುಖಕ್ಕೆ ಹಾರುವುದು ಆಸಿಡ್. ಬೀಡಿ ಸೇದುತ್ತಾ ಬಗ್ಗಿ ನೋಡುವ ಜಾಗವಲ್ಲ ಅದು.

ನೀರು ಕಡಿಮೆಯಾಗಿದೆ ಎಂದು ಆಸಿಡ್ ಸುರಿಯುವುದೂ ತಪ್ಪು. ಆವಿಯಾಗುವುದು ನೀರು ಮಾತ್ರ, ಹಾಕಬೇಕಾದ್ದು ಡಿಸ್ಟಿಲ್ಡ್ ವಾಟರ್ ಮಾತ್ರ. ಸಿಮೆಂಟ್ ನೆಲದ ಮೇಲಿಟ್ಟರೆ ಬ್ಯಾಟರಿ ಇಳಿಯುತ್ತದೆ ಎಂಬುದು ಇಂದಿನ ಪ್ಲಾಸ್ಟಿಕ್ ಡಬ್ಬಿಯ ಬ್ಯಾಟರಿಗಳಿಗೆ ಅನ್ವಯಿಸುವುದಿಲ್ಲ. ಇಳಿಸುವುದು ನೆಲವಲ್ಲ, ಬಳಕೆಯಿಲ್ಲದ ದಿನಗಳು, ಬೇಸಿಗೆಯ ಸೆಕೆ ಮತ್ತು ಎಂಜಿನ್ ಆಫ್ ಇದ್ದಾಗಲೂ ಹಾಡುವ ಮ್ಯೂಸಿಕ್ ಸಿಸ್ಟಂ.

ಕೊನೆಗೂ ಎಂಜಿನ್ ಹಿಡಿಯಿತು ಎನ್ನಿ. ಅರ್ಧ ಗಂಟೆ ಐಡಲ್‌ನಲ್ಲಿ ಬಿಟ್ಟರೆ ಬ್ಯಾಟರಿ ತುಂಬುವುದಿಲ್ಲ. 80 ಆಂಪಿಯರ್-ಅವರ್‌ನ ಬ್ಯಾಟರಿ ಪೂರ್ತಿ ಇಳಿದಿದ್ದರೆ, ಸರಾಸರಿ 10 ಆಂಪಿಯರ್ ಹರಿದರೂ ಎಂಟು ಗಂಟೆಗಿಂತ ಹೆಚ್ಚು ಬೇಕು. ತುಂಬುತ್ತಾ ಹೋದಂತೆ ಕರೆಂಟ್ ಎಳೆಯುವುದೂ ಕಡಿಮೆಯಾಗುತ್ತದೆ. ಅರೆಬರೆ ಚಾರ್ಜ್‌ನಲ್ಲೇ ಬಿಟ್ಟರೆ ಪ್ಲೇಟ್‌ಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂತು ಮತ್ತೆ ಕರಗುವುದಿಲ್ಲ. ಆ ರಾತ್ರಿಯೇ ಬಿಚ್ಚಿ ಚಾರ್ಜರ್‌ಗೆ ಹಾಕುವುದು ಒಳ್ಳೆಯದು. ಬೆಳಿಗ್ಗೆ ಮರಳಿ ಕೂರಿಸುವಾಗ ಫ್ಯಾನ್ ಬೆಲ್ಟ್ ಒತ್ತಿ ನೋಡಿ. ಅದು ಸಡಿಲವಿದ್ದರೆ ಆಲ್ಟರ್ನೇಟರ್ ಸರಿಯಾಗಿ ತಿರುಗದೆ ಬ್ಯಾಟರಿ ಮತ್ತೆ ಇಳಿಯುತ್ತದೆ.